ಶಾರ್ಜಾದಿಂದ ಕಲ್ಬುರ್ಗಿಗೆ ಬೆಕ್ಕು ತರೋದದ, ಕ್ವಾರಂಟೈನ್ ಬಗ್ಗೆ ಗೊತ್ತಿದ್ದವ್ರು ಹೇಳ್ರಿ

ಬ್ರಹ್ಮಪುರದ ಮಗಳು:
ಎಲ್ಲಾರಿಗೂ ನಮಸ್ಕಾರ್ರಿ. ನಾವು ಶಾರ್ಜಾದಾಗ ಇರೋದು, ನಮ್ಮನಿಯವರ ಕಾಂಟ್ರಾಕ್ಟ್ ಮುಗಿಲಿಕತ್ತದ, ಇನ್ನ ಖಾಯಂ ಕಲ್ಬುರ್ಗಿಗೇ ಬಂದುಬಿಡೋದು ಅಂತ ಮಾಡೇವಿ. ನಮ್ಮ ಹತ್ರ ಒಂದು ಬೆಕ್ಕದ, ಚಿನ್ನಿ ಅಂತ, ಬಿಲ್ಡಿಂಗಿನ ಪಾರ್ಕಿಂಗ್‌ನಾಗ ಸಣ್ಣ ಮರಿ ಇದ್ದಾಗ ಸಿಕ್ಕಿದ್ದು, ಈಗ ನನ್ನ ಮಗಳು ಅದರ ಬಿಟ್ಟು ಊಟಕ್ಕೂ ಕೂಡಂಗಿಲ್ಲ. ಅದನ್ನ ಬಿಟ್ಟು ಬರೋ ಮಾತೇ ಇಲ್ಲ. ಆದ್ರ ಇಲ್ಲಿ ಒಬ್ಬರು ಹೈದರಾಬಾದ್ ಏರ್ಪೋರ್ಟಿನಾಗ 30 ದಿನ ಕೂಡಿ ಹಾಕ್ತಾರ ಅಂತ ಹೇಳಿ ಎದಿ ಒಡಸ್ಯಾರ, ಅದು ಖರೆ ಏನ್ರಿ? ಇನ್ನೊಂದು, ನಮ್ಮ ಸಂಬಂಧಿಕರು ಆಳಂದದವರು ಒಬ್ಬರು ಮುಂದಿನ ತಿಂಗಳ ರಜಾದ ಮ್ಯಾಲ ಊರಿಗಿ ಹೊಂಟಾರ, ಅವರ ಟಿಕೆಟ್ ಮ್ಯಾಲ ಬೆಕ್ಕು ಕಳಸಿದ್ರ ನಡೀತದೇನು, ಯಾಕಂದ್ರ ನಾವು ಬರೋ ಮುಂದ ಸಾಮಾನೂ ಭಾಳ, ಕೂಸೂ ಸಣ್ಣದು. ತಂದವ್ರು ಯಾರರ ಇದ್ರ ದಯವಿಟ್ಟು ಹೇಳ್ರಿ.

ಜೇವರ್ಗಿ ರೋಡ್:
ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ, ನನಗ ಅನಸೋದು ಅಲ್ಲೇ ಯಾರರ ಛಲೋ ಮಂದಿಗೆ ಕೊಟ್ಟು ಬರ್ರಿ ಅಂತ. ಎಸಿ ರೂಮಿನಾಗ ಬೆಳದ ಬೆಕ್ಕು, ನಮ್ಮ ಕಲ್ಬುರ್ಗಿ ಬ್ಯಾಸಿಗಿ ನಿಮಗ ಗೊತ್ತೇ ಅದ, ಮೇ ತಿಂಗಳದಾಗ 42 ಡಿಗ್ರಿ ದಾಟ್ತದ, ಕರೆಂಟ್ ಹೋದ್ರ ಮನಷ್ಯಾರಿಗೇ ತಡಿಲಿಕ್ಕ ಆಗಂಗಿಲ್ಲ. ಮತ್ತ ವಿಮಾನದ ಹೊಟ್ಟ್ಯಾಗ ಹಾಕಿ ತರೋದು ಅಂದ್ರ ಆ ಜೀವಕ್ಕ ಎಷ್ಟ್ ಅಂಜಿಕಿ ಆಗ್ತದ ವಿಚಾರ ಮಾಡ್ರಿ.

ಹುಮನಾಬಾದಿನವ:
ಅಕ್ಕಾರ, ನಾನು ಮಸ್ಕತ್‌ದಿಂದ ಎರಡು ಬೆಕ್ಕು ತಂದೀನಿ, ಎರಡೂ ಈಗ ಮನ್ಯಾಗ ಆರಾಮ್ ಅವ. ಮೊದ್ಲ ನಿಮ್ಮ ಎರಡನೇ ಪ್ರಶ್ನಿ ತಗೋತೀನಿ, ಮಂದಿ ಭಾಳ ಸಿಕ್ಕೊಳ್ಳೋದು ಅಲ್ಲೇ. ರಜಾಕ್ಕ ಬರೋರ ಕೈಯಾಗ ಕಳಸಬ್ಯಾಡ್ರಿ. ಸಾಕಿದ ಪ್ರಾಣಿ ಬ್ಯಾಗೇಜ್ ಅಂತ ತರಲಿಕ್ಕ ಬಿಡೋದು ಹೊರದೇಶದಾಗ ಸತತ ಎರಡು ವರ್ಷ ಇದ್ದು ಈಗ ಸಂಸಾರ ಎತ್ತಿ ಖಾಯಂ ವಾಪಸ್ ಬರೋರಿಗೆ, ಅದೂ ಒಬ್ಬರಿಗೆ ಎರಡೇ ಪ್ರಾಣಿ. ಉಳದವರು ತರಬೇಕಂದ್ರ ಡಿಜಿಎಫ್‌ಟಿ ಅಂತ ಕೇಂದ್ರದ ವಿದೇಶ ವ್ಯಾಪಾರ ಆಫೀಸಿನ ಲೈಸೆನ್ಸ್ ಬೇಕಾಗ್ತದ, ಅದು ಬ್ಯಾರೇನೇ ಒಂದು ಓಡಾಟ. ಆಳಂದದವರು ಎಷ್ಟೇ ಬೇಕಾದವರಿರಲಿ, ಅವರು ವಾಪಸ್ ನೌಕರಿಗೆ ಹೋಗೋರು, ಅವರ ಹೆಸರಿನಾಗ ಇದು ಕೂಡಂಗಿಲ್ಲ. ನಿಮ್ಮಿಬ್ಬರೊಳಗ ಯಾರ ಪಾಸ್‌ಪೋರ್ಟಿನಾಗ ಎರಡು ವರ್ಷ ಬರೋಬರ್ ಕಾಣಸ್ತದೋ ಅವರ ಹೆಸರಿನಾಗೇ ಚಿಪ್ (ಬೆಕ್ಕಿನ ಚರ್ಮದ ಕೆಳಗ ಹಾಕೋ ಗುರುತಿನ ಸಣ್ಣ ಚಿಪ್) ಕಾಗದ, ಸೂಜಿ ಪುಸ್ತಕ, ಅರ್ಜಿ ಎಲ್ಲಾ ಮಾಡಸ್ರಿ, ಮತ್ತ ಅವರೇ ಬೆಕ್ಕಿನ ಸಂಗಟ ಬರ್ರಿ.

ಇನ್ನ 30 ದಿನದ ಮಾತು. ಎಕ್ಯೂಸಿಎಸ್ ಅಂತ ಕೇಂದ್ರ ಸರ್ಕಾರದ ಪಶು ಕ್ವಾರಂಟೈನ್ ಆಫೀಸ್ ಅದ, ಪಶುಸಂಗೋಪನಾ ಇಲಾಖಿ ಕೆಳಗ ಬರ್ತದ, ಅವರ ಎನ್‌ಒಸಿ, ಅಂದ್ರ ತಕರಾರಿಲ್ಲ ಅನ್ನೋ ಪತ್ರ, ಇಲ್ದ ಬೆಕ್ಕು ವಿಮಾನಾನೇ ಹತ್ತಂಗಿಲ್ಲ ಅಂತ ತಿಳ್ಕೋರಿ. ಇಳಿಲಿಕ್ಕ ದಿಲ್ಲಿ, ಮುಂಬೈ, ಕಲ್ಕತ್ತಾ, ಚೆನ್ನೈ, ಬೆಂಗಳೂರು, ಹೈದರಾಬಾದ್ ಹಿಂಗ ಕೆಲವೇ ಊರು, ನಮ್ಮ ಕಡಿಯವರಿಗೆ ಹೈದರಾಬಾದಿನ ಶಂಶಾಬಾದ್ ಏರ್ಪೋರ್ಟೇ ಹತ್ರ. ಅಲ್ಲಿ ಡಾಕ್ಟರ್ ಬಂದು ಚಿಪ್ ಸ್ಕ್ಯಾನ್ ಮಾಡಿ ಬೆಕ್ಕು ನೋಡ್ತಾರ, ಕಾಗದ ಎಲ್ಲಾ ಕೂಡಿ ಬಂದು ಬೆಕ್ಕು ಗಟ್ಟಿಮುಟ್ಟಿದ್ರ ಮನಿಗೇ ಬಿಡ್ತಾರ, ಮನ್ಯಾಗೇ ಬ್ಯಾರೆ ಇಡ್ರಿ ಅಂತ ಹೇಳಿ. ಸ್ಟೇಷನ್ನಾಗ ಇಟ್ಕೊಳ್ಳೋದು ಕಾಗದ ಕಮ್ಮಿ ಬಿದ್ದಾಗ ಇಲ್ಲಾ ರೋಗದ ಲಕ್ಷಣ ಕಂಡಾಗ. ಇದರ ಪಶು ಆಮದು ಕಾಯ್ದೆ 1898ರಷ್ಟು ಹಳೇದು, ಅದರಾಗ ಅವರಿಗೆ ಪೂರಾ ಅಧಿಕಾರ ಅದ, ಅಲ್ಲಿ ಹೋಗಿ ವಾದ ಮಾಡಿ ಏನೂ ಸಿಗಂಗಿಲ್ಲ. ಶನಿವಾರ ರವಿವಾರ, ಹಬ್ಬದ ಸೂಟಿ ಬಿಟ್ಟು ಕೆಲಸದ ದಿನ ಮುಂಜಾನಿ ಇಳಿಯೋ ವಿಮಾನ ನೋಡ್ರಿ. ಏಜೆಂಟ್ ಹಿಡಿಯೋದಿದ್ರ ಹೆಲ್ತ್ ಸರ್ಟಿಫಿಕೇಟಿನ ತಾರೀಖು ನೀವೇ ಕಣ್ಣಾರೆ ನೋಡ್ರಿ. ನನಗ ಸಿಕ್ಕ ಏಜೆಂಟ್ ಜಲ್ದಿನೇ ಮಾಡಿಸಿಟ್ಟು ತಾರೀಖು ಮೀರಿಸಿದ್ದ, ಹೋಗೋ ಹಿಂದಿನ ದಿನ ನಾನೇ ಓಡ್ಯಾಡಿ ಮತ್ತ ಮಾಡಿಸ್ದೆ.

ಬೀದರ್ ವೆಟರ್ನರಿ ಸ್ಟೂಡೆಂಟ್:
ಅಕ್ಕಾ, ಹುಮನಾಬಾದಿನ ಅಣ್ಣಾರು ಹೇಳಿದ್ದು ಬರೋಬರ್ ಅದ, ವೈದ್ಯಕೀಯ ಭಾಗ ನಾ ಸೇರಸ್ತೀನಿ. ರೇಬೀಸ್ ಸೂಜಿ ಹಾಕಿ ಕಮ್ಮಿ ಅಂದ್ರ 30 ದಿನ ಆಗಿರಬೇಕು, ಮತ್ತ ಒಂದು ವರ್ಷ ದಾಟಿರಬಾರದು. ಯಾಕಂದ್ರ ಸೂಜಿ ಹಾಕಿದ ಕೂಡ್ಲೇ ದೇಹದಾಗ ಶಕ್ತಿ ಬರಂಗಿಲ್ಲ, ವಾರಗಟ್ಟಲೆ ಟೈಮ್ ಬೇಕು. ಚಿಪ್ 15 ಅಂಕಿದು, ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಮಾನದಂಡದ್ದು ಇರಬೇಕು, ಅದನ್ನ ಸೂಜಿಗಿಂತ ಮೊದ್ಲ ಇಲ್ಲಾ ಅದೇ ದಿನ ಹಾಕಸ್ರಿ, ಇಲ್ಲಂದ್ರ ಆ ಸೂಜಿ ಇದೇ ಬೆಕ್ಕಿಗಿ ಹಾಕಿದ್ದು ಅಂತ ತೋರಸಲಿಕ್ಕ ಬರಂಗಿಲ್ಲ. ಬೆಕ್ಕಿಗಿ ಇನ್ನೊಂದು ಕೂಡಿಸಿದ ಸೂಜಿ ಇರ್ತದ, ಪ್ಯಾನ್‌ಲ್ಯೂಕೋಪೀನಿಯಾ, ಕ್ಯಾಲಿಸಿ, ರೈನೋಟ್ರ್ಯಾಕೈಟಿಸ್ ಅನ್ನೋ ಬೆಕ್ಕಿನ ಮೂರು ರೋಗಕ್ಕೂ ಸೇರಿ, ಅದೂ ಪುಸ್ತಕದಾಗ ಇರಲಿ. ಹುಳದ ಔಷಧಿ, ಉಣ್ಣಿ-ಚಿಗಟದ ಔಷಧಿ ಕೊಟ್ಟಿದ್ದೂ ಬರಸ್ರಿ.

ಜೇವರ್ಗಿ ರೋಡ್ ಅಣ್ಣಾ ಹೇಳಿದ ಅಂಜಿಕಿ ಮಾತು ಸುಳ್ಳಲ್ಲ. ಅದಕ್ಕಂತನೇ ಮಂದಿ ನಿದ್ದಿ ಗುಳಿಗಿ ಕೊಡ್ತಾರ, ಅದು ಮಾತ್ರ ಖಂಡಿತ ಬ್ಯಾಡ. ಮ್ಯಾಲ ಹೋದಾಗ ಬಿಪಿ ಇಳೀತದ, ಉಸಿರಿಗಿ ತ್ರಾಸ ಆಗ್ತದ, ಅಲ್ಲಿ ನೋಡೋರು ಯಾರೂ ಇರಂಗಿಲ್ಲ. ಗುಳಿಗಿ ಬದ್ಲಿ ಪಿಂಜರದ ರೂಢಿ ಮಾಡಸ್ರಿ. ಈಗಿಂದಲೇ ಐಯಾಟಾ (ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ನಿಯಮದ ಪಿಂಜರ ತಂದು ಹಾಲ್‌ನಾಗ ಬಾಗಲಾ ತೆರದು ಇಡ್ರಿ, ಒಳಗ ಮಗಳದು ಹಳೇ ದುಪಟ್ಟಾ ಹಾಸ್ರಿ, ಊಟ ಅದರೊಳಗೇ ಹಾಕ್ರಿ. ಒಳಗ ಬೆಕ್ಕು ತಲಿ ಎತ್ತಿ ನಿಂದ್ರಬೇಕು, ಹೊಳ್ಳಬೇಕು, ಕಾಲು ಚಾಚಿ ಮಲಗಬೇಕು, ಅಷ್ಟು ದೊಡ್ಡದಿರಲಿ. ಚಿನ್ನಿ ಬೀದಿ ಬೆಕ್ಕಾಗಿದ್ದು ಛಲೋನೇ ಆಯ್ತು, ಪರ್ಷಿಯನ್ ಹಂಗ ಚಪ್ಪಟಿ ಮೂಗಿನವು ಇದ್ರ ಉಸಿರಿನ ತ್ರಾಸಿಗಂತ ಎಷ್ಟೋ ಏರ್‌ಲೈನ್ ತಗೊಳ್ಳಂಗೇ ಇಲ್ಲ.

ಬ್ರಹ್ಮಪುರದ ಮಗಳು:
ಭಾಳ ಉಪಕಾರ ಆತ್ರಿ ಎಲ್ಲಾರದೂ. ನಮ್ಮನಿಯವರಿಗೆ ಎರಡು ವರ್ಷಕ್ಕಿಂತ ಭಾಳ ಆಗ್ಯದ, ನನಗ ಇನ್ನೂ ಆಗಿಲ್ಲ, ಹಂಗಂದ್ರ ಎಲ್ಲಾ ಅವರ ಹೆಸರಿಗೇ ಮಾಡಸ್ತೀವಿ. ಚಿನ್ನಿಗಿ ರೇಬೀಸ್ ಸೂಜಿ ಹೋದ ವರ್ಷ ಆಗ್ಯದ, ಚಿಪ್ ಇಲ್ಲ. ಈಗ ಮೊದ್ಲ ಟಿಕೆಟ್ ತಗೋಬೇಕೋ ಸೂಜಿ ಮಾಡಸಬೇಕೋ? ಜೇವರ್ಗಿ ರೋಡ್ ಅಣ್ಣಾ, ನಿಮ್ಮ ಕಾಳಜಿ ತಿಳೀತದ, ಆದ್ರ ಅದು ಮನಷ್ಯಾರ ಕೈಯಾಗ ಬೆಳದದ, ಇಲ್ಲಿ ಬೀದಿಗೆ ಬಿದ್ರ ಉಳಿಯಂಗಿಲ್ಲ, ಮನಿ ಖಾಲಿ ಮಾಡೋರು ಬಿಟ್ಟು ಹೋದ ಬೆಕ್ಕು ಇಲ್ಲಿ ಎಷ್ಟ್ ನೋಡೀನಿ ನಾ. ನಮ್ಮ ಹಳೇ ಮನಿ ಕಲ್ಲಿಂದು, ಕೆಳಗಿನ ಖೋಲಿ ಬ್ಯಾಸಿಗ್ಯಾಗೂ ತಂಪ ಇರ್ತದ, ಅದನ್ನೇ ಅದಕ್ಕ ಕೊಡ್ತೀವಿ.

ಹುಮನಾಬಾದಿನವ:
ಚಿಪ್, ಅದೇ ದಿನ ರೇಬೀಸ್, ಅಲ್ಲಿಂದ 30 ದಿನ ಎಣಸಿ ಅದರಾಚೆ ಟಿಕೆಟ್. ಟಿಕೆಟಿಗಿಂತ ಮೊದ್ಲ ಏರ್‌ಲೈನಿಗೆ ಫೋನ್ ಹಚ್ಚಿ ಕೇಳ್ರಿ, ಕೆಲವು ಸಂಗಟ ಬ್ಯಾಗೇಜ್ ಅಂತ ತಗೋತಾವ, ಕೆಲವು ಕಾರ್ಗೋದಾಗೇ, ಬಿಸಲಿನ ತಿಂಗಳದಾಗ ಬ್ಯಾಡ ಅನ್ನೋವೂ ಅವ. ಹೆಲ್ತ್ ಸರ್ಟಿಫಿಕೇಟ್ ಹೊರಡೋ ಮುಂದ 7 ದಿನದೊಳಗಿಂದೇ ಬೇಕು, ನಿಮ್ಮಲ್ಲಿ ಅದು ಯುಎಇ ಪರಿಸರ ಸಚಿವಾಲಯದಿಂದ ಆಗೋದು, ಖಾಸಗಿ ಕ್ಲಿನಿಕ್ಕಿನ ಚೀಟಿ ಒಂದೇ ಸಾಲಂಗಿಲ್ಲ. ಹಿಂಗಾಗಿ ಕಡೀ ವಾರ ಭಾಳ ಗಡಿಬಿಡಿ ಆಗ್ತದ, ಪಾಸ್‌ಪೋರ್ಟ್, ವೀಸಾ, ಬೆಕ್ಕಿನ ಫೋಟೋ, ಸೂಜಿ ಪುಸ್ತಕ ಎಲ್ಲಾ ಮೊದ್ಲೇ ಸ್ಕ್ಯಾನ್ ಮಾಡಿ ಇಟ್ಕೋರಿ.

ಶಂಶಾಬಾದ್‌ದಿಂದ ರಿಂಗ್ ರೋಡ್ ಹಿಡಿದು ಪಟಾಂಚೇರು, ಸಂಗಾರೆಡ್ಡಿ, ಜಹೀರಾಬಾದ್, ನಮ್ಮ ಹುಮನಾಬಾದ್ ಮ್ಯಾಲೇ ಬರ್ರಿ, ರೋಡ್ ಛಲೋ ಅದ. ಧಾಬಾದಾಗ ನಿಂತಾಗ ಪಾಪ ಅಂತ ಪಿಂಜರ ತೆರೀಬ್ಯಾಡ್ರಿ, ಓಡಿಹೋದ್ರ ಆ ಹೊಲದಾಗ ಸಿಗಂಗಿಲ್ಲ.

ಬೀದರ್ ವೆಟರ್ನರಿ ಸ್ಟೂಡೆಂಟ್:
ಮನಿಗಿ ಬಂದ ಮ್ಯಾಲ ಎರಡು ದಿನ ಊಟ ಬಿಡಬಹುದು, ಅಲ್ಲಿ ತಿಂತಿದ್ದ ಆಹಾರನೇ ಒಂದು ಚೀಲ ತರ್ರಿ. ನೀರೂ ಮುಟ್ಟಲಿಲ್ಲ, ಬಾಯಿ ತೆರದು ಉಸಿರಾಡ್ಲಿಕತ್ತು ಅಂದ್ರ ತಡಾ ಮಾಡಬ್ಯಾಡ್ರಿ, ಊರಾಗಿನ ಪಶು ಆಸ್ಪತ್ರಿಗೆ ಒಯ್ರಿ. ದೊಡ್ಡ ತಪಾಸಣಿ ಬೇಕಾದ್ರ ಬೀದರ್ ನಂದಿನಗರದಾಗ ನಮ್ಮ ವೆಟರ್ನರಿ ಕಾಲೇಜಿನ ಆಸ್ಪತ್ರಿ ಅದ. ಆ ಕೆಳಗಿನ ಖೋಲಿ ಕಿಡಕಿಗಿ ಜಾಳಿ ಹೊಡಸಿ ಇಡ್ಲಿಕ್ಕ ಮನಿಗಿ ಈಗೇ ಹೇಳ್ರಿ.