ಸಹಾಯ ಬೇಕು: ದಾನಕ್ಕೆ ಟ್ರಸ್ಟ್ ಸರಿಯೋ, ಆ್ಯನ್ಯುಯಿಟಿ ಸರಿಯೋ?

ನಮಸ್ಕಾರ. ಅಮೆರಿಕದಲ್ಲಿ ಉಯಿಲು, ಆಸ್ತಿ ಹಂಚಿಕೆಯ ಕೆಲಸ ಮಾಡುವವರ ಸಲಹೆ ಬೇಕಾಗಿದೆ. ನನ್ನ ಕಕ್ಷಿದಾರರು ವೃದ್ಧ ದಂಪತಿ. ಹಿಂದೆಂದೋ ಕೊಂಡು ಈಗ ಬೆಲೆ ಏರಿರುವ ಷೇರುಗಳಿವೆ, ಇನ್ನೂ ಆದಾಯ ತೆರಿಗೆ ಬೀಳದ, ಹಣ ತೆಗೆದಾಗಲೇ ಬೀಳುವ ನಿವೃತ್ತಿ ಖಾತೆಯೂ ಇದೆ. ಬದುಕಿರುವವರೆಗೆ ಆದಾಯ ಬರಬೇಕು, ಆಮೇಲೆ ಒಂದು ಪಾಲು ದಾನಕ್ಕೆ ಸಲ್ಲಬೇಕು.

ಚಾರಿಟಬಲ್ ರಿಮೇಂಡರ್ ಟ್ರಸ್ಟ್ (ಮೊದಲು ದಾನಿಗೆ ಆದಾಯ ಕೊಟ್ಟು, ಕೊನೆಗೆ ಉಳಿದದ್ದನ್ನು ದಾನ ಸಂಸ್ಥೆಗೆ ಕೊಡುವ ಟ್ರಸ್ಟ್) ಷೇರು ಮಾರಿದರೆ ಲಾಭದ ತೆರಿಗೆ ತಕ್ಷಣ ಬೀಳುವುದಿಲ್ಲ. ಆದರೆ ಅದು ತನ್ನ ಆಸ್ತಿ ಮೌಲ್ಯದ ಕನಿಷ್ಠ ಶೇ 5ರಷ್ಟನ್ನು ವರ್ಷಕ್ಕೆ ಪಾವತಿಸಲೇಬೇಕು. ಸಂಸ್ಥೆಗೆ ಉಳಿಯುವ ಪಾಲಿನ ಇಂದಿನ ಅಂದಾಜು ಮೌಲ್ಯ, ಟ್ರಸ್ಟ್‌ಗೆ ಕೊಟ್ಟ ಮೊತ್ತದ ಶೇ 10ಕ್ಕಿಂತ ಕಡಿಮೆಯಾಗಬಾರದು. ಕೊಟ್ಟದ್ದನ್ನು ಹಿಂಪಡೆಯುವಂತೆಯೂ ಇಲ್ಲ. ಗಿಫ್ಟ್ ಆ್ಯನ್ಯುಯಿಟಿ (ದಾನ ಪಡೆದ ಸಂಸ್ಥೆಯೇ ದಾನಿಗೆ ಬದುಕಿರುವವರೆಗೆ ನಿಗದಿತ ಮೊತ್ತ ಕೊಡುವ ಒಪ್ಪಂದ) ಸರಳ, ಆದರೆ ಆ ಸಂಸ್ಥೆ ಗಟ್ಟಿಯಾಗಿದ್ದರೆ ಮಾತ್ರ. ಡೋನರ್ ಅಡ್ವೈಸ್ಡ್ ಫಂಡ್‌ನಿಂದ (ಹಣ ಈಗಲೇ ಕೊಟ್ಟು, ಯಾವ ಸಂಸ್ಥೆಗೆ ಹೋಗಬೇಕೆಂದು ಆಮೇಲೆ ಸೂಚಿಸುವ ದಾನ ನಿಧಿ) ಆದಾಯ ಬಾರದು, ಅದನ್ನು ಕೈಬಿಟ್ಟಿದ್ದೇನೆ.

ನಿವೃತ್ತಿ ಖಾತೆಗೆ ದಾನ ಸಂಸ್ಥೆಯನ್ನೇ ನಾಮಿನಿ ಮಾಡಿ, ಷೇರುಗಳನ್ನು ಮಕ್ಕಳಿಗೆ ಬಿಡುವುದೇ ನನ್ನ ಒಲವು. ಖಾತೆಯ ಹಣಕ್ಕೆ ಸಂಸ್ಥೆ ಆದಾಯ ತೆರಿಗೆ ಕಟ್ಟಬೇಕಿಲ್ಲ, ಮಕ್ಕಳಾದರೆ ಕಟ್ಟಬೇಕು. ಷೇರಿನ ಮೂಲಬೆಲೆ ತೆರಿಗೆ ಲೆಕ್ಕದಲ್ಲಿ ಮರಣದ ದಿನದ ಮೌಲ್ಯಕ್ಕೆ ಏರುತ್ತದೆ, ಹಾಗಾಗಿ ಅಲ್ಲಿಯವರೆಗಿನ ಲಾಭಕ್ಕೆ ಮಕ್ಕಳು ತೆರಿಗೆ ಕಟ್ಟಬೇಕಿಲ್ಲ. ದಂಪತಿಯ ಮಗ ಮಾತ್ರ ಟ್ರಸ್ಟೇ ಬೇಕೆಂದು ಹಟ ಹಿಡಿದಿದ್ದಾನೆ (ಎಲ್ಲಿ ಓದಿದನೋ!).

ಟ್ರಸ್ಟ್‌ನ ವಾರ್ಷಿಕ ನಿರ್ವಹಣಾ ವೆಚ್ಚ ನೋಡಿದರೆ ಎಷ್ಟು ಮೊತ್ತದ ಮೇಲೆ ಅದು ಲಾಭಕರ? ಕಕ್ಷಿದಾರರಿಗೆ ಈ ಹೋಲಿಕೆಯನ್ನು ಒಂದೇ ಪುಟದಲ್ಲಿ ತೋರಿಸುವ ಮಾದರಿ ಯಾರ ಬಳಿಯಾದರೂ ಇದ್ದರೆ, ಹೆಸರು ತೆಗೆದು ಹಂಚಿಕೊಳ್ಳುವಿರಾ?