ಸಹಾಯ ಬೇಕು: ಕೋತಿ ತಲೆಬುರುಡೆ ನೋಡಿ ವಯಸ್ಸು ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟಿಗೆ ನನ್ನ ಕೈಗೆ ರೀಸಸ್ ಕೋತಿಯ ಮೂರು ತಲೆಬುರುಡೆಗಳು ಬಂದಿವೆ. ಚೀಟಿಯಲ್ಲಿ ಜಾತಿಯ ಹೆಸರು ಬಿಟ್ಟರೆ ಬೇರೇನೂ ಇಲ್ಲ.

ಮೊದಲನೆಯದು ಸುಲಭ. ದುಂಡು ತಲೆ, ಪುಟ್ಟ ಮೂತಿ. ಹಾಲುಹಲ್ಲುಗಳ ಹಿಂದೆ ಒಂದೇ ಒಂದು ಕಾಯಂ ದವಡೆ ಹಲ್ಲು. ಅದು ಒಂದೂವರೆ ವರ್ಷದ ಹೊತ್ತಿಗೆ ಬರುತ್ತದೆ, ಅಲ್ವಾ? ಎರಡನೆಯದರಲ್ಲಿ 32 ಹಲ್ಲೂ ಇವೆ, ಕೋರೆಹಲ್ಲು ಚೂರಿ ಹಾಗೆ ಉದ್ದ. ಮೂತಿಯೂ ಮುಂದಕ್ಕೆ ಚಾಚಿದೆ. ಕೊನೆಯ ದವಡೆ ಹಲ್ಲು ಬರೋದು ಸುಮಾರು 6 ವರ್ಷಕ್ಕೆ. ಹಾಗಾಗಿ ಇದು ಬೆಳೆದ ಗಂಡು ಅಂದುಕೊಂಡಿದ್ದೇನೆ.

ತಲೆ ಕೆಟ್ಟಿರೋದು ಮೂರನೆಯದರಿಂದ. ದವಡೆ ಹಲ್ಲುಗಳ ಉಬ್ಬು ಪೂರ್ತಿ ಸವೆದು, ಒಳಗಿನ ಕಂದು ಭಾಗ ಬಟ್ಟಲಿನ ಹಾಗೆ ಕಾಣುತ್ತದೆ. ಎರಡು ಹಲ್ಲು ಇಲ್ಲ. ಆ ಗುಳಿಗಳು ಮೂಳೆ ತುಂಬಿ ನುಣ್ಣಗಾಗಿವೆ, ಅಂದರೆ ಬದುಕಿದ್ದಾಗಲೇ ಬಿದ್ದಿರಬೇಕು. ಉಳಿದ ಹಲ್ಲುಗಳ ಬೇರಿನ ಸುತ್ತ ಮೂಳೆ ಕೆಳಗಿಳಿದಿದೆ. ಮುದಿ ಕೋತಿ, ಸರಿ. ಆದರೆ ವಯಸ್ಸಾದಂತೆ ಮುಚ್ಚಿಹೋಗಬೇಕಾದ, ನೆತ್ತಿಯ ಮೇಲೆ ಮೂಳೆಗಳು ಸೇರುವ ಗೆರೆ ಒಂದು ಕಡೆ ಇನ್ನೂ ಸ್ಪಷ್ಟವಾಗಿದೆ!

ಈ ಗೆರೆಗಳು ಒಂದೊಂದು ಕೋತಿಯಲ್ಲಿ ಒಂದೊಂದು ಥರ ಮುಚ್ಚುತ್ತವೆ, ಸುಮ್ನೆ ನಂಬಬೇಡಿ ಅಂತ ಓದಿದ್ದೇನೆ. ಸವೆತವೂ ತಿನ್ನುವ ಆಹಾರದ ಮೇಲೆ ಹೋಗುತ್ತದೆ. ಹಾಗಾದರೆ ಯಾವುದಕ್ಕೆ ಜಾಸ್ತಿ ಬೆಲೆ ಕೊಡಲಿ? ವರ್ಷ ಹೇಳದೆ ಬರೀ "ಮುದಿ" ಅಂತ ಬರೆದರೆ ಸಾಕಾ? ಬುರುಡೆಗಳನ್ನು ಅಳೆದು ಅನುಭವ ಇರುವವರು ದಯವಿಟ್ಟು ತಿಳಿಸಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.