ಮಳಿಗೆ ಮತ್ತು ಗೋದಾಮಿನ ನಡುವೆ ಕಡಿಮೆ ಖರ್ಚಿನ ವಿಪಿಎನ್ ಹೇಗೆ?

ಪ್ರಶ್ನೆ

ನಮ್ಮದು ದಾವಣಗೆರೆಯಲ್ಲಿ ವಿದ್ಯುತ್ ಸಾಮಗ್ರಿಗಳ ಸಗಟು ಮಳಿಗೆ, ಗೋದಾಮು ಹರಿಹರದಲ್ಲಿದೆ. ಟ್ಯಾಲಿಯ ಲೆಕ್ಕವೆಲ್ಲ ಮಳಿಗೆಯ ಒಂದೇ ಕಂಪ್ಯೂಟರಿನಲ್ಲಿದ್ದು, ಗೋದಾಮಿನವರೂ ಮನೆಯಿಂದ ಕೆಲಸ ಮಾಡುವ ನಮ್ಮ ಗುಮಾಸ್ತರೂ ಅದನ್ನು ಬಳಸಬೇಕಾಗಿದೆ. ರೂಟರಿನಲ್ಲಿ 3389ನೆಯ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆದು, ದೂರದ ಕಂಪ್ಯೂಟರಿನ ಪರದೆಯನ್ನೇ ಬಳಸಲು ಬಿಡುವ ರಿಮೋಟ್ ಡೆಸ್ಕ್‌ಟಾಪ್ ಬಳಸಿದರೆ ಸಾಕೆಂದು ಪರಿಚಿತರೊಬ್ಬರು ಹೇಳುತ್ತಾರೆ. ಅದು ಸುರಕ್ಷಿತವೇ? ದುಬಾರಿ ಫೈರ್‌ವಾಲ್ ಕೊಳ್ಳದೆ, ತಂತ್ರಾಂಶದಿಂದಲೇ ವಿಪಿಎನ್ (ಇಂಟರ್ನೆಟ್ಟಿನ ಮೂಲಕವೇ ಎರಡು ಕಡೆಗಳನ್ನು ಸುರಕ್ಷಿತವಾಗಿ ಜೋಡಿಸುವ ಖಾಸಗಿ ಜಾಲ) ಮಾಡಿಕೊಳ್ಳಬಹುದೇ?

ಉತ್ತರ 1

ಆ ಪೋರ್ಟನ್ನು ದಯವಿಟ್ಟು ತೆರೆಯಬೇಡಿ. ಇಂಟರ್ನೆಟ್ಟಿಗೆ ನೇರವಾಗಿ ತೆರೆದಿಟ್ಟ ರಿಮೋಟ್ ಡೆಸ್ಕ್‌ಟಾಪನ್ನು ಹುಡುಕಿ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ. ಕಡತಗಳನ್ನೆಲ್ಲ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಒಳನುಗ್ಗುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ನಿಮ್ಮ ಅಗತ್ಯಕ್ಕೆ ವೈರ್‌ಗಾರ್ಡ್ ಸಾಕು. ಇದು ಉಚಿತ, ಮುಕ್ತ ವಿಪಿಎನ್ ತಂತ್ರಾಂಶ. 2020ರಲ್ಲಿ ಲಿನಕ್ಸ್ ಕರ್ನಲ್‌ನ 5.6ನೆಯ ಆವೃತ್ತಿಯಲ್ಲೇ ಸೇರಿಕೊಂಡಿತು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದನ್ನೇ ಸರ್ವರ್ ಮಾಡಬಹುದು. ರೂಟರಿನಲ್ಲಿ ಯುಡಿಪಿ 51820 ಎಂಬ ಪೋರ್ಟ್ ಒಂದನ್ನು ಮಾತ್ರ ಆ ಯಂತ್ರಕ್ಕೆ ತಿರುಗಿಸಿದರಾಯಿತು. ಸರಿಯಾದ ಕೀಲಿ (ಗುರುತು ಸಾಬೀತುಪಡಿಸುವ ಗುಪ್ತ ಸಂಕೇತ) ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಅಲ್ಲೊಂದು ಸೇವೆ ಇದೆಯೆಂಬುದೂ ಹೊರಗಿನವರಿಗೆ ಸುಲಭವಾಗಿ ತಿಳಿಯದು. ಓಪನ್‌ವಿಪಿಎನ್ ಕೂಡ ನಂಬಿಕೆಗೆ ಅರ್ಹವೇ, ಆದರೆ ಅದರಲ್ಲಿ ಬಳಕೆದಾರರನ್ನು ಗುರುತಿಸುವ ಡಿಜಿಟಲ್ ಪ್ರಮಾಣಪತ್ರಗಳ ನಿರ್ವಹಣೆ ಹೊಸಬರಿಗೆ ಹೊರೆಯಾಗುತ್ತದೆ. ಪಿಪಿಟಿಪಿ ಎಂಬ ಹಳೆಯ, ಅಸುರಕ್ಷಿತ ವಿಪಿಎನ್ ವಿಧಾನವನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಉತ್ತರ 2

ಮೇಲಿನ ಸಲಹೆ ಸರಿಯಾಗಿದೆ, ಆದರೆ ಅದಕ್ಕೂ ಮೊದಲು ನಿಮಗೆ ಸಾರ್ವಜನಿಕ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ) ಸಿಕ್ಕಿದೆಯೇ ಎಂದು ನೋಡಿಕೊಳ್ಳಿ. ರೂಟರಿನ ವ್ಯಾನ್ (ಇಂಟರ್ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಆರಂಭವಾಗುತ್ತಿದ್ದರೆ, ಒಂದೇ ಹೊರವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ವ್ಯವಸ್ಥೆಯಲ್ಲಿ ನೀವಿದ್ದೀರಿ ಎಂದರ್ಥ. ಆಗ ಮೇಲೆ ಹೇಳಿದಂತೆ ಪೋರ್ಟ್ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಹೊರಗಿನಿಂದ ಸಂಪರ್ಕ ಬರುವುದಿಲ್ಲ. ಹಾಗಿದ್ದರೆ ಸ್ಥಿರ ಐಪಿ ಪಡೆಯಿರಿ, ಇಲ್ಲವೇ ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಯ ಕ್ಲೌಡ್ ಸರ್ವರಿನಲ್ಲಿ ವೈರ್‌ಗಾರ್ಡ್ ಇಟ್ಟು ಎಲ್ಲರೂ ಅದಕ್ಕೇ ಸೇರುವಂತೆ ಮಾಡಿ. ಈ ಎರಡನೆಯ ದಾರಿಯಲ್ಲಿ ಮಳಿಗೆಯ ಕಡೆಯ ಸಂರಚನೆಗೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಎಂದು ಸೇರಿಸಿ, 25 ಸೆಕೆಂಡಿಗೊಮ್ಮೆ ಸಂಕೇತ ಹೋಗುತ್ತಿದ್ದು ಸಂಪರ್ಕ ಕಡಿಯದೆ ನಿಲ್ಲುತ್ತದೆ.

ಮಳಿಗೆಯಲ್ಲೂ ಗೋದಾಮಿನಲ್ಲೂ 192.168.1 ಸರಣಿಯ ವಿಳಾಸಗಳೇ ಇದ್ದರೆ ಯಾವ ಯಂತ್ರ ಯಾವ ಕಡೆಯದೆಂದು ಗೊಂದಲವಾಗುತ್ತದೆ, ಒಂದು ಕಡೆ ಬದಲಿಸಿ. ಬಹಳ ಮಂದಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವಿಪಿಎನ್ ಬಳಕೆದಾರರ ವಿವರಗಳನ್ನು 5 ವರ್ಷ ಇಡಬೇಕೆಂಬ ಸರ್ಕಾರಿ ನಿಯಮ ನಮಗೂ ಅನ್ವಯಿಸುತ್ತದೆಯೇ?

ಉತ್ತರ 3

ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ಏಪ್ರಿಲ್ 2022ರ ಆ ನಿರ್ದೇಶನ ಸಾರ್ವಜನಿಕರಿಗೆ ವಿಪಿಎನ್ ಸೇವೆ ಒದಗಿಸುವವರಿಗೆ. ಸಂಸ್ಥೆಗಳ ಆಂತರಿಕ ವಿಪಿಎನ್‌ಗೆ ಅಲ್ಲವೆಂದು ಅದರ ವಿವರಣೆಯಲ್ಲೇ ಹೇಳಲಾಗಿದೆ.

ಟ್ಯಾಲಿಯ ಫೋಲ್ಡರನ್ನು ವಿಪಿಎನ್ ಮೂಲಕ ಹಂಚಿಕೊಂಡು ತೆರೆಯಬೇಡಿ. ತುಂಬಾ ನಿಧಾನವಾಗುತ್ತದೆ, ನಡುವೆ ಸಂಪರ್ಕ ಕಡಿದರೆ ದತ್ತಾಂಶವೂ ಕೆಡಬಹುದು. ವಿಪಿಎನ್ ಒಳಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಬಳಸುವುದೇ ಮೇಲು. ಆದರೆ ಸಾಮಾನ್ಯ ವಿಂಡೋಸ್ ಪ್ರೊದಲ್ಲಿ ಒಂದು ಹೊತ್ತಿಗೆ ಒಬ್ಬರೇ ಕೆಲಸ ಮಾಡಲು ಸಾಧ್ಯ, ಆದ್ದರಿಂದ ಹೊರಗಿನಿಂದ ಬರುವ ಪ್ರತಿಯೊಬ್ಬರಿಗೂ ಮಳಿಗೆಯಲ್ಲಿ ಒಂದೊಂದು ಯಂತ್ರ ಬೇಕಾಗುತ್ತದೆ. ಅಲ್ಲದೆ ಪ್ರತಿ ಸಾಧನಕ್ಕೂ ಬೇರೆ ಬೇರೆ ಕೀಲಿ ಕೊಡಿ. ಯಾರಾದರೂ ಕೆಲಸ ಬಿಟ್ಟ ದಿನವೇ ಅವರ ಕೀಲಿಯನ್ನಷ್ಟೇ ಸರ್ವರಿನಿಂದ ತೆಗೆದುಹಾಕಿದರೆ ಉಳಿದವರ ಕೆಲಸಕ್ಕೆ ತೊಂದರೆಯಾಗುವುದಿಲ್ಲ.